ಪ್ರಶ್ನೆ: ಮೆಡಿಸಿನ್‌ನಲ್ಲಿ ಎಂಡಿ ಮುಗಿಸಿ ಸೀನಿಯರ್ ರೆಸಿಡೆಂಟ್ (ಎಸ್‌ಆರ್) ಆಗಿದ್ದೇನೆ, ಆದರೂ ಇನ್ನೂ ಪಿಜಿ (ಎಂಡಿ ಓದುವ ವಿದ್ಯಾರ್ಥಿ) ಥರಾನೇ ಅನಿಸುತ್ತಿದೆ. ಸೀನಿಯರ್ ಫಿಜಿಶಿಯನ್ ಆಗೋದು ಯಾವಾಗ? ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಕೋರ್ಸ್) ಮಾಡಲೇಬೇಕಾ?

ಉತ್ತರ: ಕಾಗದದ ಲೆಕ್ಕ ನಿಮಗೆ ಗೊತ್ತೇ ಇದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಹೌಸ್ ಸರ್ಜನ್ಸಿ 1 ವರ್ಷ, ನೀಟ್ ಪಿಜಿ ಬರೆದು ಎಂಡಿ 3 ವರ್ಷ. ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕಾದರೆ ಇನ್ನೊಂದು ವರ್ಷ ಎಸ್‌ಆರ್. ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ? ವಾರ್ಡು ಅದೇ, ಕೆಲಸ ಅದೇ, ಮತ್ತೆ ಬದಲಾಗೋದು ಏನು ಅಂತ.

ನಾನು ಒಂದು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೆಡಿಸಿನ್ ಯೂನಿಟ್ ನೋಡಿಕೊಳ್ಳುತ್ತೇನೆ. ಪಿಜಿ ಆಗಿದ್ದಾಗ ರೋಗಿಯನ್ನು ನಾವೇ ಮುಟ್ಟಿ ನೋಡುತ್ತೇವೆ. ಸೀನಿಯರ್ ಆದಮೇಲೆ ಎಷ್ಟೋ ಸಲ ಇನ್ನೊಬ್ಬರ ಕಣ್ಣಿನಿಂದ ನೋಡಬೇಕಾಗುತ್ತದೆ. ಅದೂ ರಾತ್ರಿ 2 ಗಂಟೆಗೆ, ಫೋನಿನಲ್ಲಿ, ಅಡ್ಮಿಷನ್ ಮಾಡಿ ಮಾಡಿ ಸುಸ್ತಾಗಿರುವ ಫಸ್ಟ್ ಇಯರ್ ಪಿಜಿಯ ಮಾತು ಕೇಳಿ.

ಹಾವು ಕಡಿತದ ಕೇಸನ್ನೇ ತಗೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ಇದು ಜಾಸ್ತಿ. (2024ರಿಂದ ಕರ್ನಾಟಕದಲ್ಲಿ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು. ಒಳ್ಳೆಯ ಕೆಲಸವೇ ಆಯಿತು.) "ಸರ್, 20 ನಿಮಿಷದ ಟೆಸ್ಟ್ ಮಾಡಿದೆ, ರಕ್ತ ಹೆಪ್ಪುಗಟ್ಟಿಲ್ಲ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) 10 ವಯಲ್ ಹಾಕಲಾ?" ಅಂತ ಫೋನ್ ಬರುತ್ತದೆ. ನಾನು ಮೊದಲು ಕೇಳೋದು, ಯಾವ ಟ್ಯೂಬಿನಲ್ಲಿ ಮಾಡಿದ್ರಿ? ಒಣಗಿದ, ಶುಚಿಯಾದ ಗಾಜಿನ ಟ್ಯೂಬೇ ಆಗಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲೋ ಸೋಪು ಹಾಕಿ ತೊಳೆದ ಟ್ಯೂಬಿನಲ್ಲೋ ಹಾಕಿದರೆ ವಿಷ ಏರದವರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು.

ಆಮೇಲಿನ ಪ್ರಶ್ನೆಗಳು ವಿಷದಿಂದ ಸ್ನಾಯುಗಳು ಸೋಲುತ್ತಿವೆಯಾ ಅಂತ ತಿಳಿಯೋಕೆ: ರೆಪ್ಪೆ ಪೂರ್ತಿ ಎತ್ತುತ್ತಾರಾ? ದಿಂಬಿನಿಂದ ತಲೆ ಎತ್ತಿಸಿ ನೋಡಿದ್ರಾ? ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ? ಕಟ್ಟುಹಾವು ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚಿರುತ್ತದೆ. ಎಷ್ಟೋ ಸಲ ಗುರುತೂ ಇರುವುದಿಲ್ಲ, ಬಾವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾರೆ. ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 98 ಇದೆ ಅಂತ ಪಿಜಿ ನೆಮ್ಮದಿಯಿಂದ ಹೇಳುತ್ತಾರೆ. ಉಸಿರಾಟದ ಸ್ನಾಯುಗಳು ಸೋಲಲು ಶುರುವಾದ ಮೇಲೂ ಆ ನಂಬರ್ ಸುಮಾರು ಹೊತ್ತು ಚೆನ್ನಾಗೇ ಇರುತ್ತದೆ. ಕತ್ತು ಎತ್ತಲಾಗದೇ ಇರೋದು ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಇದೆಲ್ಲಾ ಪುಸ್ತಕದಲ್ಲಿದೆ, ಪಿಜಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ, ಎಮರ್ಜೆನ್ಸಿಯ ಗಲಾಟೆಯಲ್ಲಿ, ನೆನಪಿಸಿ ಕೇಳುವವರು ಒಬ್ಬರು ಬೇಕು. ಉತ್ತರ ಬರುವ ರೀತಿಯಲ್ಲೇ ನೀವು ಎದ್ದು ಹೊರಡಬೇಕಾ ಬೇಡವಾ ಅಂತ ಗೊತ್ತಾಗುತ್ತದೆ. ಅನುಮಾನ ಬಂದರೆ ಹೊರಟುಬಿಡಿ.

ಇಷ್ಟೆಲ್ಲಾ ನಡೆಯಬೇಕಾದರೆ ಆ ಫೋನ್ ಬರಬೇಕಲ್ಲ! ನಾನು ಗಟ್ಟಿಯಾಗಿ ಹೇಳಬೇಕಿರೋದು ಇದನ್ನೇ. ರೌಂಡ್ಸ್‌ನಲ್ಲಿ ರೋಗಿಯ ಮನೆಯವರ ಮುಂದೆ ಕೇಸ್ ಶೀಟ್ ಎಸೆಯೋದು, "ಇಷ್ಟಕ್ಕೆಲ್ಲಾ ಯಾಕೆ ಎಬ್ಬಿಸ್ತೀಯಾ" ಅಂತ ರೇಗೋದು ನಮ್ಮ ಕಾಲೇಜುಗಳಲ್ಲಿ ಇನ್ನೂ ಇದೆ. ನಾವೂ ಬೈಸಿಕೊಂಡೇ ಕಲಿತಿದ್ದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೈಸಿಕೊಂಡ ಪಿಜಿ ಮುಂದಿನ ಸಲ ಬೆಳಗಿನ ರೌಂಡ್ಸ್‌ವರೆಗೆ ಕಾಯುತ್ತಾರೆ. ಅಷ್ಟರಲ್ಲಿ ರೋಗಿ ವೆಂಟಿಲೇಟರ್ ಮೇಲೆ ಹೋಗಿರಬಹುದು. ಸುಮ್ನೆ ಕರೆದಂತಾದರೂ ಪರವಾಗಿಲ್ಲ, "ಕರೆದಿದ್ದು ಒಳ್ಳೇದಾಯ್ತು" ಅನ್ನಿ. ಇದನ್ನು ಇವತ್ತಿನಿಂದಲೇ ಶುರು ಮಾಡಬಹುದು, ಏಕೆಂದರೆ ಪಿಜಿಗಳು ಮೊದಲು ಫೋನ್ ಮಾಡೋದು ಎಸ್‌ಆರ್‌ಗೇ.

ಮನೆಯವರ ಹತ್ತಿರ ಮಾತಾಡುವ ಕೆಲಸವನ್ನೂ ಈಗಲೇ ಕೈಗೆ ತಗೊಳ್ಳಿ. "ಡಾಕ್ಟ್ರೇ, ಬೆಂಗ್ಳೂರಿಗೆ ಕರ್ಕೊಂಡ್ ಹೋಗ್ಬೇಕಾ?" ಅಂತ ಕೇಳೇ ಕೇಳುತ್ತಾರೆ. "ನಿಮ್ಮಿಷ್ಟ" ಅಂದುಬಿಟ್ಟರೆ ಅವರು ಸಾಲ ಮಾಡಿ ಆಂಬುಲೆನ್ಸ್ ಹತ್ತುತ್ತಾರೆ. ಅಲ್ಲಿ ಸಿಗುವ ಚಿಕಿತ್ಸೆ ಇಲ್ಲೂ ಇದ್ದರೆ ಇಲ್ಲೇ ಇರಿ ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ತಡಮಾಡದೆ ಕಳಿಸಿ, ಆ ಆಸ್ಪತ್ರೆಗೆ ನೀವೇ ಫೋನ್ ಮಾಡಿ.

ಇನ್ನೊಂದು ಅಭ್ಯಾಸ. ಚೀಫ್ (ಯೂನಿಟ್ ಮುಖ್ಯಸ್ಥರು) ರೌಂಡ್ಸ್‌ಗೆ ಬರುವ ಮೊದಲೇ ನಿಮ್ಮ ಪ್ಲಾನನ್ನು ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿ. ಅವರು ಬದಲಿಸಿದರೆ ಯಾಕೆ ಅಂತ ಕೇಳಿ. ಪಿಜಿಯಲ್ಲಿ ಡಿಆರ್‌ಪಿ ಅಂತ 3 ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗಿದ್ದಿರಲ್ಲ, ಅಲ್ಲಿ ಒಬ್ಬರೇ ತೀರ್ಮಾನ ಮಾಡಿದ ಕೇಸುಗಳು ನೆನಪಿರಬೇಕು. ಆ ಧೈರ್ಯವನ್ನು ಇಲ್ಲೂ ಬಳಸಿ.

ಡಿಎಂ ವಿಷಯ. ಕಿಡ್ನಿಯೋ ಹೃದಯವೋ ನಿಜವಾಗಿಯೂ ಇಷ್ಟವಿದ್ದರೆ ಡಿಎಂ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆಯಿರಿ, ಇನ್ನು 3 ವರ್ಷ ಕೊಡಿ. "ಬರೀ ಎಂಡಿ" ಅನ್ನುವವರ ಮಾತಿಗೆ ಬೇಸರಪಟ್ಟು ಹೋಗಬೇಡಿ. ಜ್ವರ, ಪ್ಲೇಟ್‌ಲೆಟ್ ಇಳಿಕೆ, ಕಾಮಾಲೆ ಮೂರೂ ಒಟ್ಟಿಗೆ ಇರುವವರು ಬಂದಾಗ ಡೆಂಗಿಯೋ, ಇಲಿಜ್ವರವೋ, ಸ್ಕ್ರಬ್ ಟೈಫಸ್ಸೋ ಅಂತ ಮೊದಲು ಯೋಚಿಸಬೇಕಾದವರು ಜನರಲ್ ಫಿಜಿಶಿಯನ್ನೇ. ಓದಬೇಕು ಅಂತ ಡ್ಯೂಟಿ ಬದಲಾಯಿಸಿಕೊಂಡು ಎಸ್‌ಆರ್ ವರ್ಷವನ್ನು ರೂಮಿನಲ್ಲಿ ಕಳೆಯುವವರನ್ನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ, ಪರೀಕ್ಷೆಯನ್ನು ಮುಂದಿನ ಸಲವೂ ಬರೆಯಬಹುದು.