ಅಮೆರಿಕದ ರಾಜ್ಯಗಳು ಚಾಲಕರ ದಾಖಲೆ ಶುಲ್ಕದ ಅವಧಿಯನ್ನು ಮತ್ತೆ ಮತ್ತೆ ಯಾಕೆ ವಿಸ್ತರಿಸುತ್ತವೆ?

ಮಿಷಿಗನ್‌ನಂಥ ರಾಜ್ಯಗಳಲ್ಲಿ ಆ ಶುಲ್ಕದ (ಚಾಲಕರ ವಿಳಾಸ, ಸಂಚಾರ ತಪ್ಪುಗಳಿರುವ ಸರ್ಕಾರಿ ದಾಖಲೆಯನ್ನು ಕೇಳುವವರು ತೆರುವ ಹಣ) ಕಾನೂನಿನಲ್ಲೇ ಮುಕ್ತಾಯದ ದಿನಾಂಕ ಇರುತ್ತದೆ, ಅದಕ್ಕೆ. ದಿನಾಂಕ ದಾಟಿದರೆ ಲೈಸೆನ್ಸ್, ಗುರುತಿನ ಚೀಟಿ ಕೊಡುವ ಕಚೇರಿಯ ಆದಾಯಕ್ಕೆ ಕತ್ತರಿ. ಹಾಗಾಗಿ ಶಾಸನಸಭೆ ದಿನಾಂಕವನ್ನಷ್ಟೇ ತಿದ್ದಿ ಮುಂದಕ್ಕೆ ಹಾಕುತ್ತದೆ. ಈ ದಾಖಲೆಗಳ ದೊಡ್ಡ ಗಿರಾಕಿಗಳು ವಿಮಾ ಕಂಪನಿಗಳು: ಯಾರು ಅತಿವೇಗಕ್ಕೆ ಸಿಕ್ಕಿಬಿದ್ದಿದ್ದಾರೆ ಎಂದು ನೋಡಿ ಪ್ರೀಮಿಯಂ ನಿಗದಿ ಮಾಡುತ್ತವೆ. ಶುಲ್ಕ ನೇರವಾಗಿ ಜನರ ಜೇಬಿಗೆ ತಟ್ಟದ್ದರಿಂದ ವಿಸ್ತರಣೆ ಸಲೀಸು.

ಹಾಗಂತ ದುಡ್ಡು ಕೊಟ್ಟವರಿಗೆಲ್ಲ ವಿಳಾಸ ಸಿಗುವುದಿಲ್ಲ, ಸಿಗಲೂ ಬಾರದು. 1989ರಲ್ಲಿ ನಟಿ ರೆಬೆಕಾ ಶೇಫರ್ ಅವರನ್ನು ಕೊಂದವನು ಖಾಸಗಿ ಪತ್ತೇದಾರನೊಬ್ಬನ ಮೂಲಕ ಇಂಥ ದಾಖಲೆಯಿಂದಲೇ ಅವರ ಮನೆ ಪತ್ತೆಹಚ್ಚಿದ್ದ. ಹೆಸರು, ವಿಳಾಸ, ಫೋಟೊಗಳನ್ನು ಯಾವ ಕಾರಣಕ್ಕೆ ಕೊಡಬಹುದು ಎಂಬುದನ್ನು ಅಮೆರಿಕದ 1994ರ ಕೇಂದ್ರ ಕಾನೂನು ಪಟ್ಟಿ ಮಾಡಿದೆ. ಶುಲ್ಕದ ಅವಧಿ ಎಷ್ಟು ಸಲ ವಿಸ್ತರಿಸಿದರೂ ಆ ಪಟ್ಟಿ ಬದಲಾಗುವುದಿಲ್ಲ.