ಹನ್ನೊಂದು ಹೀರೋಗಳು ಜಾಸ್ತಿಯಾಯಿತು

ನಮಸ್ಕಾರ.

'ನನ್ನ ಹೀರೋಗಳು, ನನ್ನ ಅಮೆರಿಕ' ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ, ಅಲ್ವಾ? "ಮುಲಾಜಿಲ್ಲದೆ ಹೇಳಿ" ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀವು ಒಪ್ಪಿದ್ದರಿಂದ, ನಿಮ್ಮ ಹೆಸರು ತೆಗೆದು ಈ ಉತ್ತರವನ್ನು ಬರಹಗಾರರ ಅಂಕಣದಲ್ಲೂ ಹಾಕುತ್ತಿದ್ದೇವೆ. ಲೇಖನ ಓದದವರಿಗೆ ಎರಡು ಮಾತು. ಬರೆದವರು ದಾವಣಗೆರೆಯಲ್ಲಿ ಬೆಳೆದು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದ್ದಾರೆ. ರಾಕ್ ಮತ್ತು ಫೋಕ್ ಸಂಗೀತ ಅಂದರೆ ಪ್ರಾಣ. ತಾವು ಮೆಚ್ಚಿದ ಹನ್ನೊಂದು ಜನರ ಬಗ್ಗೆ ಬರೆದಿದ್ದಾರೆ. ಲಿಂಕನ್, ರೂಸ್‌ವೆಲ್ಟ್, ಕೆನಡಿ, ಮಾರ್ಟಿನ್ ಲೂಥರ್ ಕಿಂಗ್, ಒಬಾಮ ಒಂದು ಸಾಲು. ಬಾಬ್ ಡಿಲನ್, ಜೋನ್ ಬಯೆಜ್, ಜಾನಿ ಕ್ಯಾಶ್, ನೀನಾ ಸಿಮೋನ್, ಅರೀಥಾ ಫ್ರಾಂಕ್ಲಿನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಹೀಗೆ ಹಾಡುಗಾರರದು ಇನ್ನೊಂದು ಸಾಲು. ನಡುನಡುವೆ ಈಗಿನ ರಾಜಕೀಯದ ಬಗ್ಗೆ ಬೇಸರ.

ಆ ಬೇಸರದಿಂದಲೇ ಶುರು ಮಾಡುತ್ತೇನೆ. ನಿಮ್ಮ ಅಭಿಪ್ರಾಯಗಳು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವು ನಿಮ್ಮವು ಅಂತ ಅನಿಸುವುದಿಲ್ಲ, ಅಷ್ಟೇ. "ದೇಶ ಎರಡು ಭಾಗವಾಗಿದೆ", "ಮೊದಲಿನ ಮುತ್ಸದ್ದಿಗಳು ಈಗಿಲ್ಲ". ಇದನ್ನು ರಾತ್ರಿ ಟಿವಿ ಹಾಕಿದರೆ ಯಾರಾದರೂ ಹೇಳುತ್ತಿರುತ್ತಾರೆ. ಲಿಂಕನ್ ಬಗ್ಗೆ ಬರೆದ ಎರಡು ಪ್ಯಾರಾ ಹೈಸ್ಕೂಲಿನ ಭಾಷಣ ಸ್ಪರ್ಧೆಗೆ ಸಾಕು. ಓದುಗರಿಗೆ ನಿಮ್ಮಿಂದ ಬೇಕಾಗಿರುವುದು ಬೇರೆ. ನೀವು ಮೂವತ್ತು ವರ್ಷದಿಂದ ಈ ಹಾಡುಗಳನ್ನು ಕೇಳುತ್ತಿದ್ದೀರಿ. ಆ ಕಿವಿ ಲೇಖನದಲ್ಲಿ ಎಲ್ಲಿ ಹೋಯಿತು?

ಒಂದೇ ಒಂದು ಕಡೆ ಇದೆ. ಮೂರನೇ ಪುಟದಲ್ಲಿ, ನಾಲ್ಕು ಸಾಲು. ಸ್ನೇಹಿತನ ಅಣ್ಣ ಕೊಟ್ಟ ಡೂಪ್ಲಿಕೇಟ್ ಕ್ಯಾಸೆಟ್. ಕವರಿನಲ್ಲಿ ಹಾಡಿನ ಸಾಹಿತ್ಯ ಇರಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ಸ್ಪ್ರಿಂಗ್‌ಸ್ಟೀನ್ ಅವರ 'ಬಾರ್ನ್ ಇನ್ ದ ಯುಎಸ್ಎ' ಹಾಡಿನಲ್ಲಿ ನಿಮಗೆ ಕೇಳಿಸಿದ್ದು ಪಲ್ಲವಿ ಮತ್ತು ಡ್ರಮ್ಮು. ಇದು ಅಮೆರಿಕದವರ ಆಗಸ್ಟ್ ಹದಿನೈದರ ಹಾಡು ಇರಬೇಕು ಅಂದುಕೊಂಡು ಎದೆ ಸೆಟೆಸಿ ಕೂಗುತ್ತಿದ್ದಿರಿ. ಎಷ್ಟೋ ವರ್ಷದ ಮೇಲೆ ಸಾಹಿತ್ಯ ಓದಿದಾಗ, ಅದು ವಿಯೆಟ್ನಾಂನಿಂದ ವಾಪಸ್ ಬಂದು ಕೆಲಸ ಸಿಗದೆ ಅಲೆಯುವವನ ಕತೆ ಅಂತ ಗೊತ್ತಾಯಿತು. ಇಷ್ಟು ಬರೆದು ಮುಂದಿನ ಸಾಲಿಗೇ ಕೆನಡಿಗೆ ಹಾರಿಬಿಟ್ಟಿದ್ದೀರಿ! ನನಗೆ ಕೈಕೈ ಹಿಸುಕಿಕೊಳ್ಳುವ ಹಾಗಾಯಿತು.

ಯಾಕೆ ಅಂದರೆ, ಆ ನಾಲ್ಕು ಸಾಲಿನಲ್ಲೇ ಅಮೆರಿಕದ ರಾಜಕೀಯ ಇದೆ. 1984ರ ಆಗಸ್ಟ್ ಕೊನೆಯಲ್ಲಿ ಜಾರ್ಜ್ ವಿಲ್ ಎಂಬ ಸಂಪ್ರದಾಯವಾದಿ ಅಂಕಣಕಾರರು ವಾಷಿಂಗ್ಟನ್ ಹತ್ತಿರ ಸ್ಪ್ರಿಂಗ್‌ಸ್ಟೀನ್ ಕಾರ್ಯಕ್ರಮಕ್ಕೆ ಹೋದರು. ಕಿವಿಗೆ ಹತ್ತಿ ಇಟ್ಟುಕೊಂಡು ಕೂತರು. ಸೆಪ್ಟೆಂಬರ್‌ನಲ್ಲಿ ಹೊಗಳಿ ಬರೆದರು. ಈ ಹುಡುಗ ಗೊಣಗುವವನಲ್ಲ, ಕಾರ್ಖಾನೆ ಮುಚ್ಚಿದ್ದನ್ನು ಹಾಡಿದರೂ ಪಲ್ಲವಿಗೆ ಬಂದಾಗ ಉಲ್ಲಾಸದಿಂದ ದೇಶದ ಹೆಸರು ಕೂಗುತ್ತಾನೆ ಅನ್ನುವ ಅರ್ಥದಲ್ಲಿ. ದಾವಣಗೆರೆಯ ಹುಡುಗನಿಗೆ ಸಾಹಿತ್ಯ ಸಿಕ್ಕಿರಲಿಲ್ಲ. ಇವರಿಗೆ ಇಂಗ್ಲಿಷ್ ಮನೆಮಾತು. ಕೇಳಿಸಿದ್ದು ಮಾತ್ರ ಇಬ್ಬರಿಗೂ ಪಲ್ಲವಿಯೇ. ಈ ಎರಡನ್ನು ಅಕ್ಕಪಕ್ಕ ಇಟ್ಟು ಬರೆಯುವ ಹಕ್ಕು ನಿಮಗಿದೆ. ವಾಷಿಂಗ್ಟನ್‌ನ ಯಾವ ಪಂಡಿತರಿಗೂ ಇಲ್ಲ.

ಇಲ್ಲೇ ನಿಮ್ಮ ದೊಡ್ಡ ತಪ್ಪೂ ಇದೆ. "ರೇಗನ್ ಈ ಹಾಡನ್ನು ಚುನಾವಣಾ ಗೀತೆ ಮಾಡಿಕೊಂಡರು, ಸ್ಪ್ರಿಂಗ್‌ಸ್ಟೀನ್ ಕೋರ್ಟಿಗೆ ಹೋದರು" ಅಂತ ಬರೆದಿದ್ದೀರಿ. ಕೋರ್ಟ್ ಕೇಸ್ ನಡೆಯಲೇ ಇಲ್ಲ. ವಿಲ್ ಅಂಕಣ ಬಂದು ಕೆಲವೇ ದಿನಕ್ಕೆ, ಸೆಪ್ಟೆಂಬರ್ 19ರಂದು, ಎರಡನೇ ಸಲ ಚುನಾವಣೆಗೆ ನಿಂತಿದ್ದ ಅಧ್ಯಕ್ಷ ರೇಗನ್ ನಿಮ್ಮದೇ ರಾಜ್ಯದ ಹ್ಯಾಮಂಟನ್ ಊರಿಗೆ ಪ್ರಚಾರಕ್ಕೆ ಬಂದರು. ನ್ಯೂಜೆರ್ಸಿಯ ಮಗ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶ ಇದೆ ಅಂದರು. ಯಾವ ಹಾಡಿನ ಹೆಸರನ್ನೂ ಎತ್ತಲಿಲ್ಲ. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್‌ನ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್ ಉತ್ತರ ಕೊಟ್ಟರು. ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ, 'ನೆಬ್ರಾಸ್ಕ' ಅಂತೂ ಇರಲಿಕ್ಕಿಲ್ಲ ಅಂತ ಹೇಳಿ, ಅದೇ ಆಲ್ಬಮ್ಮಿನ 'ಜಾನಿ 99' ಹಾಡಿದರು. ಮಾವಾ ಊರಿನ ಕಾರು ಕಾರ್ಖಾನೆ ಮುಚ್ಚಿ, ಕೆಲಸ ಕಳೆದುಕೊಂಡವನು ಕುಡಿದು, ಬಂದೂಕು ಹಿಡಿದು, ಜೈಲು ಸೇರುವ ಹಾಡು ಅದು. ಕೇಸ್ ಹಾಕಿದ್ದಕ್ಕಿಂತ ಇದು ಎಷ್ಟು ಚೆನ್ನಾಗಿದೆ ನೋಡಿ. ನಿಮಗೆ ಗೊತ್ತಿದ್ದರೆ ಬಿಡುತ್ತಿರಲಿಲ್ಲ. ಎಲ್ಲೋ ಓದಿದ್ದನ್ನು ನೆನಪಿನಿಂದ ಬರೆದಿದ್ದೀರಿ ಅನಿಸುತ್ತದೆ. ಪ್ರಸಿದ್ಧರ ಬಗ್ಗೆ ಬರೆಯುವಾಗ ಒಂದೊಂದು ವಾಕ್ಯವನ್ನೂ ಪರೀಕ್ಷೆ ಮಾಡಲೇಬೇಕು. ಆ ಕೆಲಸ ನಿಮ್ಮದು, ನಮ್ಮದಲ್ಲ.

ಮುಂದೆ ಕಿಂಗ್. 1963ರ ಆಗಸ್ಟ್ 28ರ 'ನನಗೊಂದು ಕನಸಿದೆ' ಭಾಷಣದಿಂದ ಅರ್ಧ ಪುಟ ಎತ್ತಿ ಹಾಕಿದ್ದೀರಿ. ಅದನ್ನು ಓದದವರು ಯಾರಿದ್ದಾರೆ? ನಿಮ್ಮನ್ನು ಸಂಗೀತದ ಅಭಿಮಾನಿ ಅಂತ ನಂಬಿಕೊಂಡು ಓದುತ್ತಿದ್ದೇನೆ. ಆ ದಿನ ಲಿಂಕನ್ ಸ್ಮಾರಕದ ಎದುರು ಯಾರು ಹಾಡಿದರು ಅಂತ ಕಾಯುತ್ತಿದ್ದೇನೆ. ಡಿಲನ್, ಬಯೆಜ್ ಬಂದರು, ಸರಿ. ಮಹೇಲಿಯಾ ಜಾಕ್ಸನ್ ಹೆಸರೇ ಇಲ್ಲ! ಕಿಂಗ್ ಮಾತಾಡುವುದಕ್ಕೆ ಸ್ವಲ್ಪ ಮೊದಲು ಹಾಡಿದವರು ಆಕೆ. ಬರೆದು ತಂದ ಪ್ರತಿಯಲ್ಲಿ ಆ ಕನಸಿನ ಮಾತು ಇರಲಿಲ್ಲ. ಹಿಂದೆ ಕೂತಿದ್ದ ಮಹೇಲಿಯಾ, ಕನಸಿನ ವಿಷಯ ಹೇಳು ಮಾರ್ಟಿನ್ ಅಂತ ಕೂಗಿದರು, ಕಿಂಗ್ ಕಾಗದ ಬದಿಗೆ ಸರಿಸಿದರು ಅಂತ ಅವರ ಜೊತೆಗಾರ ಕ್ಲಾರೆನ್ಸ್ ಜೋನ್ಸ್ ನೆನಪಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ಭಾಷಣಕ್ಕೆ ಹಾಡುಗಾರ್ತಿಯೊಬ್ಬಳು ಎತ್ತಿಕೊಟ್ಟ ಗಳಿಗೆ ಅದು. ಅದನ್ನು ಬಿಟ್ಟು ಭಾಷಣ ನಕಲು ಮಾಡಿದರೆ ಹೇಗೆ?

ಈಗ ಒಬಾಮ ಭಾಗ. ಇದರಲ್ಲಿ ಒಂದು ಸಾಲಿಗೆ ನಾನು ಕೆಂಪು ಗೆರೆ ಎಳೆದಿದ್ದೇನೆ. ಹೊಡೆದುಹಾಕಲಿಕ್ಕಲ್ಲ. 2009ರ ಜನವರಿ 18ರಂದು, ಪ್ರಮಾಣವಚನಕ್ಕೆ ಎರಡು ದಿನ ಮುಂಚೆ ಅದೇ ಲಿಂಕನ್ ಸ್ಮಾರಕದಲ್ಲಿ ನಡೆದ ಕಾರ್ಯಕ್ರಮ. "ಸ್ಪ್ರಿಂಗ್‌ಸ್ಟೀನ್ ಪಕ್ಕದಲ್ಲಿ ಟೋಪಿ ಹಾಕಿಕೊಂಡ ಒಬ್ಬ ಮುದುಕರೂ ಹಾಡುತ್ತಿದ್ದರು" ಅಂತ ಬರೆದು ಮುಂದೆ ಹೋಗಿದ್ದೀರಿ.

ಆ ಮುದುಕರು ಪೀಟ್ ಸೀಗರ್. ಆಗ ಅವರಿಗೆ 89 ವರ್ಷ. 1955ರಲ್ಲಿ, ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದ ಸಂಸತ್ತಿನ ಸಮಿತಿ ಅವರನ್ನು ಕರೆಸಿತ್ತು. ಎಲ್ಲೆಲ್ಲಿ ಹಾಡಿದೆ, ಯಾರ ಮುಂದೆ ಹಾಡಿದೆ ಅಂತ ಕೇಳಿತು. ಸುಮಾರು ಜನ ಅಲ್ಲಿ ಸಂವಿಧಾನದ ಐದನೇ ತಿದ್ದುಪಡಿಯ ಆಸರೆ ಹಿಡಿಯುತ್ತಿದ್ದರು. ನನ್ನ ಮಾತೇ ನನಗೆ ಮುಳುವಾಗುವುದಾದರೆ ನಾನು ಬಾಯಿ ಬಿಡುವುದಿಲ್ಲ ಅನ್ನುವ ದಾರಿ ಅದು. ಸೀಗರ್ ಅದನ್ನು ಹಿಡಿಯಲಿಲ್ಲ. ನನ್ನ ನಂಬಿಕೆ, ನನ್ನ ಒಡನಾಟದ ಬಗ್ಗೆ ಕೇಳುವ ಅಧಿಕಾರವೇ ನಿಮಗಿಲ್ಲ ಅಂದರು. ಬೇಕಾದರೆ ನೀವು ಕೇಳುತ್ತಿರುವ ಹಾಡು ಹಾಡಿ ತೋರಿಸುತ್ತೇನೆ ಅಂದರು. ಸಮಿತಿಗೆ ಹಾಡು ಬೇಕಿರಲಿಲ್ಲ. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆ ಆಯಿತು. ಮರುವರ್ಷ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. ಆದರೂ ದೊಡ್ಡ ಟಿವಿ ವಾಹಿನಿಗಳು 1967ರವರೆಗೆ ಅವರನ್ನು ಹತ್ತಿರ ಸೇರಿಸಲಿಲ್ಲ.

ಅಂಥವರು ಹೊಸ ಅಧ್ಯಕ್ಷರ ಮುಂದೆ ನಿಂತು ಫೋಕ್ ಗಾಯಕ ವುಡಿ ಗತ್ರಿ 1940ರಲ್ಲಿ ಬರೆದ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹಾಡಿದರು. ಮುಂದಿನ ಸಾಲನ್ನು ತಾವೇ ಮೊದಲು ಕೂಗಿ ಹೇಳಿ, ಜನರಿಂದ ಹಾಡಿಸಿದರು. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಾಡುತ್ತಾರಲ್ಲ, ಹಾಗೆ. ಅಮೆರಿಕದ ಶಾಲೆಗಳಲ್ಲಿ ಈ ಹಾಡು ಹಾಡಿಸುವಾಗ ಸಾಮಾನ್ಯವಾಗಿ ಬಿಟ್ಟುಬಿಡುವ ಚರಣಗಳಿವೆ. ಒಂದರಲ್ಲಿ ಖಾಸಗಿ ಆಸ್ತಿ ಅನ್ನುವ ಬೋರ್ಡು, ಇನ್ನೊಂದರಲ್ಲಿ ಹಸಿದವರ ಸಾಲು. ಅವತ್ತು ಅವನ್ನೂ ಬಿಡಲಿಲ್ಲ. ಜೈಲಿಗೆ ಕಳಿಸಲು ಹೊರಟಿದ್ದ ಸಂಸತ್ತು ಇರುವ ಊರಿನಲ್ಲೇ, ಅಧ್ಯಕ್ಷರಾಗಲಿದ್ದವರ ಮುಂದೆ. ನಿಮ್ಮ ಲೇಖನದ ಹನ್ನೊಂದು ಜನರಲ್ಲಿ ಇವರಿಗೆ ಜಾಗ ಇಲ್ಲ! ನನ್ನನ್ನು ಕೇಳಿದರೆ ಹತ್ತು ಜನರನ್ನು ಕೆಳಗಿಳಿಸಿ ಈ ಮುದುಕರೊಬ್ಬರನ್ನು ಸೇರಿಸಿಕೊಳ್ಳಿ ಅನ್ನುತ್ತೇನೆ.

ಹಾಗಂತ ಇವರನ್ನೂ ಅಟ್ಟಕ್ಕೇರಿಸಬೇಡಿ. ಸೀಗರ್ ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದವರು. ಸ್ಟಾಲಿನ್ ಕಾಲದ ಕ್ರೌರ್ಯದ ಬಗ್ಗೆ ಬಹಳ ತಡವಾಗಿ ಬಾಯಿಬಿಟ್ಟರು. ತಮ್ಮ ಮುಪ್ಪಿನಲ್ಲಿ ಅದರ ಮೇಲೊಂದು ಹಾಡನ್ನೂ ಬರೆದರು. ನಿಮ್ಮ ಲೇಖನದಲ್ಲಿ ಯಾರಿಗೂ ಇಂಥ ಕಪ್ಪು ಕಲೆ ಇಲ್ಲ. ಎಲ್ಲರೂ ಒಳ್ಳೆಯವರು, ಎಲ್ಲರೂ ಒಂದೇ ಕಡೆ. ಓದುತ್ತಾ ಹೋದರೆ ತೂಕಡಿಕೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಜಾನಿ ಕ್ಯಾಶ್ ಅವರನ್ನು "ಅಧಿಕಾರಕ್ಕೆ ತಲೆಬಾಗದ ಬಂಡಾಯಗಾರ" ಅಂದಿದ್ದೀರಿ. 1970ರ ಏಪ್ರಿಲ್‌ನಲ್ಲಿ ನಿಕ್ಸನ್ ಕರೆದಾಗ ಅವರು ಶ್ವೇತಭವನಕ್ಕೆ ಹೋಗಿ ಹಾಡಿದರು. ಮೂರು ಹಾಡು ಹಾಡಬೇಕು ಅಂತ ಅಧ್ಯಕ್ಷರ ಕಡೆಯವರು ಕೇಳಿದ್ದರು. ಅದರಲ್ಲಿ ಹಿಪ್ಪಿಗಳನ್ನು ಗೇಲಿ ಮಾಡುವುದು ಒಂದು, ಸರ್ಕಾರದ ಸಹಾಯಧನದಲ್ಲಿ ಬದುಕುವ ಬಡವರನ್ನು ಗೇಲಿ ಮಾಡುವುದು ಒಂದು. ಅವೆರಡನ್ನೂ ಕ್ಯಾಶ್ ಹಾಡಲಿಲ್ಲ. ಹಾಡಲು ಹೋದದ್ದೂ ಅವರೇ, ಹಾಡದೆ ಬಿಟ್ಟದ್ದೂ ಅವರೇ. ಎರಡನ್ನೂ ಬರೆದರೆ ಮನುಷ್ಯ ಕಾಣುತ್ತಾನೆ.

ಅಭಿಮಾನ ಅಂದರೆ ಏನು ಅಂತ ನೋಡಬೇಕಿದ್ದರೆ ದೂರ ಹೋಗಬೇಡಿ. 2010ರಿಂದ 2018ರವರೆಗೆ ನಿಮ್ಮ ರಾಜ್ಯದ ಗವರ್ನರ್ ಆಗಿದ್ದ ಕ್ರಿಸ್ ಕ್ರಿಸ್ಟಿ ರಿಪಬ್ಲಿಕನ್ ಪಕ್ಷದವರು. ಸ್ಪ್ರಿಂಗ್‌ಸ್ಟೀನ್ ಕಾರ್ಯಕ್ರಮಗಳಿಗೆ ನೂರಕ್ಕೂ ಜಾಸ್ತಿ ಸಲ ಹೋದವರು. ಗಾಯಕರಿಗೆ ಇವರ ರಾಜಕೀಯ ಹಿಡಿಸುತ್ತಿರಲಿಲ್ಲ. ವರ್ಷಗಟ್ಟಲೆ ಮಾತೇ ಇಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿ ಕರಾವಳಿಯನ್ನು ಹಾಳು ಮಾಡಿದ ಮೇಲೆ, ಪರಿಹಾರ ನಿಧಿಯ ಕಾರ್ಯಕ್ರಮದಲ್ಲಿ ಸ್ಪ್ರಿಂಗ್‌ಸ್ಟೀನ್ ಬಂದು ಕ್ರಿಸ್ಟಿಯನ್ನು ಅಪ್ಪಿಕೊಂಡರು. ಮನೆಗೆ ಹೋಗಿ ಅತ್ತುಬಿಟ್ಟೆ ಅಂತ ಕ್ರಿಸ್ಟಿ ತಾವೇ ಹೇಳಿಕೊಂಡರು. ಒಂದೂಕಾಲು ವರ್ಷ ಕಳೆಯುವಷ್ಟರಲ್ಲಿ, 2014ರ ಜನವರಿಯಲ್ಲಿ, ಜಾರ್ಜ್ ವಾಷಿಂಗ್ಟನ್ ಸೇತುವೆಯ ಲೇನ್ ಮುಚ್ಚಿಸಿದ ಹಗರಣದಲ್ಲಿ ಗವರ್ನರ್ ಕಚೇರಿಯ ಹೆಸರು ಬಂತು. ಅದೇ ಸ್ಪ್ರಿಂಗ್‌ಸ್ಟೀನ್ ಟಿವಿಯಲ್ಲಿ ಜಿಮ್ಮಿ ಫ್ಯಾಲನ್ ಜೊತೆ ನಿಂತು, ತಮ್ಮದೇ ಪ್ರಸಿದ್ಧ ಹಾಡಿನ ಧಾಟಿಯಲ್ಲಿ ಗವರ್ನರ್‌ಗೆ ಲೇವಡಿ ಮಾಡಿದರು. ಕ್ರಿಸ್ಟಿ ಹಾಡು ಕೇಳುವುದನ್ನು ಬಿಡಲಿಲ್ಲ. ಅವರ ರಾಜಕೀಯ ನಿಮಗೆ ಸೇರುವುದಿಲ್ಲ ಅಂತ ಲೇಖನದಿಂದ ಗೊತ್ತಾಗುತ್ತದೆ. ಆದರೆ ಅದೇ ಹಾಡು ಅವರ ಕಾರಿನಲ್ಲೂ ನಿಮ್ಮ ಕಾರಿನಲ್ಲೂ ಓಡುತ್ತಿದೆ. ಯಾಕೆ? ನಿಮ್ಮ ಉತ್ತರ ಏನು ಅಂತ ನನಗೆ ನಿಜಕ್ಕೂ ತಿಳಿಯಬೇಕು.

ಇನ್ನು ನೀವಿರುವ ಊರು. ಎಡಿಸನ್ ಬಗ್ಗೆ ನೀವು ಬರೆದಿರುವುದು ಓಕ್ ಟ್ರೀ ರೋಡಿನ ತರಕಾರಿ ಅಂಗಡಿ ಒಂದೇ. 'ಜಾನಿ 99' ಹಾಡಿನ ಮಾವಾ ಊರು ನಿಮ್ಮ ರಾಜ್ಯದ ಉತ್ತರ ತುದಿಯಲ್ಲಿದೆ. ಅಲ್ಲಿನ ಫೋರ್ಡ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಷ್ಟು ದೂರ ಯಾಕೆ, ನಿಮ್ಮ ಎಡಿಸನ್‌ನಲ್ಲೇ ರೂಟ್ 1 ಹೆದ್ದಾರಿಯ ಪಕ್ಕ ಫೋರ್ಡ್ ಕಾರ್ಖಾನೆ ಇತ್ತು. 1948ರಿಂದ ನಡೆದು, 2004ರಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿ ಅಂಗಡಿಗಳು ಬಂದಿವೆ. ನೀವು ಅಲ್ಲಿ ಸಾಮಾನು ತಂದಿರಲೂಬಹುದು. ದಾವಣಗೆರೆಯವರಿಗೆ ಇದು ಹೊಸದೇನಲ್ಲವಲ್ಲ. ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಊರು ಅದು. ನಿಮ್ಮ ಓಣಿಯಲ್ಲಿ ಗಿರಣಿ ಕೆಲಸಕ್ಕೆ ಹೋಗುತ್ತಿದ್ದವರು ಯಾರೂ ಇರಲಿಲ್ಲವೇ? ಇದ್ದರೆ, ಆ ಕ್ಯಾಸೆಟ್ಟಿನ ಹಾಡು ಯಾರ ಬಗ್ಗೆ ಅಂತ ನಿಮಗೆ ಆಗಲೇ ಗೊತ್ತಾಗಬಹುದಿತ್ತು. ಸಾಹಿತ್ಯ ಒಂದು ಸಿಗಬೇಕಿತ್ತು. ಇದ್ದರೆ ಮಾತ್ರ ಬರೆಯಿರಿ, ನಾನು ಹೇಳಿದೆ ಅಂತ ಹುಟ್ಟಿಸಬೇಡಿ.

ಮತ್ತೆ ಬರೆಯುವುದಾದರೆ ಕ್ಯಾಸೆಟ್‌ನಿಂದ ಶುರು ಮಾಡಿ. ಲಿಂಕನ್, ರೂಸ್‌ವೆಲ್ಟ್, ಕೆನಡಿ ಬೇಡ. ನೀನಾ ಸಿಮೋನ್ ಮತ್ತು ಅರೀಥಾ ಅವರಿಗೆ ಒಂದೊಂದು ಸಾಲು ಕೊಡುವುದಕ್ಕಿಂತ ಬೇರೆ ಲೇಖನ ಬರೆಯಿರಿ. ಈಗಿನ ಅಧ್ಯಕ್ಷರ ಮೇಲಿನ ಸಿಟ್ಟು ಬರುವುದಾದರೆ ಹಾಡಿನ ಮೂಲಕ ಬರಲಿ. ಸುಮ್ನೆ ಬಯ್ಯುವುದಕ್ಕೆ ನಮ್ಮಲ್ಲಿ ಪುಟ ಇಲ್ಲ. ಉದ್ದ ಸಾವಿರದೈನೂರು ಪದ ದಾಟದಿರಲಿ. ಹಾಡಿನ ಸಾಲುಗಳನ್ನು ಇಡಿಯಾಗಿ ಎತ್ತಿ ಹಾಕಬೇಡಿ, ಹಕ್ಕಿನ ತಕರಾರು ಬರುತ್ತದೆ. ಏನು ಕೇಳಿಸುತ್ತದೆ ಅಂತ ನಿಮ್ಮ ಮಾತಿನಲ್ಲಿ ಹೇಳಿ. ಡಿಲನ್ ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದು ಇಟ್ಟುಕೊಳ್ಳಿ. ಆ ಡೂಪ್ಲಿಕೇಟ್ ಕ್ಯಾಸೆಟ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಅದರ ಫೋಟೊ ತೆಗೆದು ಕಳಿಸಿ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಒಬಾಮ ಫೋಟೊ ಬೇಡ.

ನಿಮ್ಮ,
ಸಂಪಾದಕ