ಜೇಬಿನಲ್ಲಿ ಸಿಕ್ಕಿದ ಬಿಳಿ ಪುಡಿ

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾನೆ. ರಜೆಗೆ ಬಂದಾಗ ಒಗೆಯಲು ಹಾಕಿದ ಅವನ ಪ್ಯಾಂಟಿನ ಜೇಬಿನಲ್ಲಿ ಬೆರಳಗಲದ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಒಳಗೆ ಉಪ್ಪಿನಂಥ ಬಿಳಿ ಪುಡಿಯಿತ್ತು. ಕೇಳಿದರೆ, ‘ಎಂ.ಡಿ. ಅಮ್ಮಾ, ಎರಡು ಗಂಟೆಯಲ್ಲಿ ಇಳಿದುಹೋಗುತ್ತದೆ, ಏನೂ ಆಗುವುದಿಲ್ಲ’ ಎಂದ. ನಿಜವೇ? ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸ್ ಆಗುವುದೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಾಯಿ, ನಮ್ಮಲ್ಲಿ ಎಂ.ಡಿ., ಮ್ಯಾವ್ ಮ್ಯಾವ್ ಎಂದೆಲ್ಲ ಕರೆಯುವುದು ಹೆಚ್ಚಾಗಿ ಮೆಫೆಡ್ರೋನ್ ಎಂಬ ರಾಸಾಯನಿಕವನ್ನು. ಆದರೆ ನಿಮಗೆ ಸಿಕ್ಕಿದ ಪೊಟ್ಟಣದಲ್ಲಿ ನಿಜಕ್ಕೂ ಏನಿತ್ತೆಂಬುದನ್ನು ಪ್ರಯೋಗಾಲಯವಷ್ಟೇ ಹೇಳಬಲ್ಲದು, ನಿಮ್ಮ ಮಗನಿಗೂ ಅದು ಗೊತ್ತಿರುವುದಿಲ್ಲ. ಪೂರ್ವ ಆಫ್ರಿಕ ಮತ್ತು ಯೆಮನ್‌ನಲ್ಲಿ ಜಗಿಯುವ ಖಾತ್ ಎಲೆಯಲ್ಲಿನ ಉತ್ತೇಜಕದ ಸಂಬಂಧಿಯಾದ ಮೆಫೆಡ್ರೋನನ್ನು 1929ರಷ್ಟು ಹಿಂದೆಯೇ ತಯಾರಿಸಲಾಗಿತ್ತು. ಬ್ರಿಟನ್ 2010ರಲ್ಲಿ, ಭಾರತ 2015ರಲ್ಲಿ ಇದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದವು.

ಎರಡು ಗಂಟೆಯಲ್ಲಿ ಇಳಿಯುತ್ತದೆ ಎಂಬ ಮಾತು ಸುಳ್ಳಲ್ಲ; ಅಪಾಯವಿರುವುದೂ ಅಲ್ಲಿಯೇ. ಮೆದುಳಿನಲ್ಲಿ ಸಂತೋಷದ ಭಾವ ತರುವ ರಾಸಾಯನಿಕಗಳಾದ ಡೋಪಮೈನ್, ಸೆರೊಟೋನಿನ್‌ಗಳನ್ನು ಒಮ್ಮೆಲೇ ಹರಿಯಬಿಟ್ಟು ತಂದ ಉಲ್ಲಾಸ ಬೇಗನೆ ಬತ್ತುವುದರಿಂದ, ಪುಡಿಯನ್ನು ಗೆರೆಯಾಗಿ ಹರವಿ ಮೂಗಿನಿಂದ ಸೇದಿದವನು ಇನ್ನೊಂದು ಗೆರೆ, ಮತ್ತೊಂದು ಗೆರೆ ಎಂದು ರಾತ್ರಿಯಿಡೀ ಸೇದುತ್ತಾ ಹೋಗುತ್ತಾನೆ. ಎದೆಬಡಿತ, ರಕ್ತದೊತ್ತಡ, ಮೈಬಿಸಿ ಒಟ್ಟಿಗೆ ಏರುತ್ತವೆ. ದವಡೆ ಬಿಗಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಕೆಲವರ ಬೆರಳುಗಳು ತಣ್ಣಗಾಗಿ ನೀಲಿಗಟ್ಟುತ್ತವೆ. ಹಲವು ದಿನ ಎಡೆಬಿಡದೆ ಸೇವಿಸಿದವರಲ್ಲಿ ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯವೂ ಭ್ರಮೆಯೂ ಕಾಣಿಸಿಕೊಳ್ಳಬಹುದು. ಮೈ ಸುಡುತ್ತಿದ್ದರೆ, ಎದೆ ನೋವು, ಗೊಂದಲ ಅಥವಾ ಫಿಟ್ಸ್ ಬಂದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ, ಏನು ಸೇವಿಸಿದ್ದಾನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಇದಕ್ಕೆ ಪ್ರತಿವಿಷವಿಲ್ಲ, ಮೈ ತಣಿಸಿ, ತಳಮಳ ಶಮನಗೊಳಿಸಿ, ಹೃದಯದ ಮೇಲೆ ನಿಗಾ ಇಡುವುದೇ ಚಿಕಿತ್ಸೆ.

ಕೇಸಿನ ಭಯದಿಂದ ಚಿಕಿತ್ಸೆಯನ್ನು ಮುಂದೂಡುವ ತಂದೆತಾಯಿಯರೇ ನನಗೆ ಹೆಚ್ಚು ಆತಂಕ ತರುತ್ತಾರೆ. ಭಾರತದ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು, ಸ್ವಂತ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಮಾತ್ರ ಪೂರ್ತಿಗೊಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ವ್ಯಸನ ಚಿಕಿತ್ಸಾ ವಿಭಾಗವಿದೆ.

ಬಿಟ್ಟ ಮೊದಲ ದಿನಗಳಲ್ಲಿ ಅವನು ಹಗಲೆಲ್ಲ ಮಲಗಬಹುದು, ಸಣ್ಣದಕ್ಕೂ ಸಿಡುಕಬಹುದು. ಅದನ್ನು ಸೋಮಾರಿತನವೆಂದು ಬೈಯಬೇಡಿ. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡದೆ, ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.